18 ಬೈಟ್ ಸತ್ಯ

ನಮ್ಮ ಆಫೀಸಿನ ಟೈಮ್‌ಶೀಟ್‌ಗೆ ದಿನಕ್ಕೆ ಎಂಟು ಗಂಟೆ ಬೇಕು. ಏಳೂವರೆ ಹಾಕಿದರೆ ಕೆಂಪಾಗುತ್ತದೆ, ಒಂಬತ್ತು ಹಾಕಿದರೂ ಕೆಂಪಾಗುತ್ತದೆ. ಅದಕ್ಕೆ ಬೇಕಾಗಿರುವುದು ಸತ್ಯವಲ್ಲ, ಎಂಟು. ಈ ಸಿಟ್ಟಿಗೇ ನಾನೊಂದು ಖಾಸಗಿ ಲೆಕ್ಕ ಶುರುಮಾಡಿದೆ. ಟರ್ಮಿನಲ್‌ನಲ್ಲಿ ‘ಕಿರ್ದಿ’ ಎಂದು ಟೈಪಿಸಿ, ಮಾಡಿದ್ದನ್ನು ಬರೆದು ಎಂಟರ್ ಒತ್ತಿದರೆ ದಿನಾಂಕ, ಗಂಟೆ ಹಚ್ಚಿಕೊಂಡು ಒಂದು ಸಾಲು ಫೈಲಿನ ಬಾಲಕ್ಕೆ ಸೇರುತ್ತದೆ. ಒಳಗಿರುವುದು ಇಷ್ಟೇ: ಡೇಟ್, ಎಕೋ, ಎರಡು ಬಾಣ. (ಬಾಣ ಎರಡೇ ಇರಲಿ. ಒಂದೇ ಹಾಕಿದರೆ ಹಿಂದಿನದೆಲ್ಲ ಅಳಿಸಿಹೋಗಿ ನೀವು ಇವತ್ತೇ ಹುಟ್ಟಿದ ಹಾಗೆ.) ಮುತ್ತಜ್ಜ ಶಾನುಭೋಗರಾಗಿದ್ದರು. ಅವರ ಅಕ್ಷರ ನನಗೆ ಬರಲಿಲ್ಲ, ಚಟ ಬಂತು.

ನಮ್ಮ ಮನೆ ಮಾಕಳಿಯಲ್ಲಿ, ಆಫೀಸು ವೈಟ್‌ಫೀಲ್ಡಿನಲ್ಲಿ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ಮಾದಾವರದವರೆಗೆ ಬಂದು ನಿಂತಿತು. ನಾವಿರುವುದು ಅದಕ್ಕೂ ಆಚೆ. ಹಾಗಾಗಿ ಹೆಚ್ಚು ದಿನ ಮನೆಯಿಂದಲೇ ಕೆಲಸ, ಕಿರ್ದಿಗೆ ಪುರುಸೊತ್ತೋ ಪುರುಸೊತ್ತು. ಬರೆಯುವುದು ಕನ್ನಡದಲ್ಲಿ. ಭಾಷಾಭಿಮಾನ ಅಂತ ಕೊಚ್ಚಿಕೊಳ್ಳಬಹುದು. ಅಸಲಿಗೆ ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ.

ಒಂದು ಸೋಮವಾರ ಸ್ಕ್ರೀನ್ ಶೇರ್ ಮಾಡಿದಾಗ ಕೋಡಿನ ಬದಲು ಕಿರ್ದಿಯೇ ತೆರೆದುಕೊಂಡಿತು. ಕೊನೆಯ ಸಾಲು: ‘10:30 ಮೀಟಿಂಗ್. ವ್ಯರ್ಥ.’

ಟರ್ಮಿನಲ್ಲಿಗೂ ಕನ್ನಡಕ್ಕೂ ಆಗಿಬರುವುದಿಲ್ಲ. ಅಲ್ಲಿ ಬಡಾವಣೆಯ ಸೈಟಿನ ಹಾಗೆ ಎಲ್ಲರಿಗೂ ಒಂದೊಂದು ಚೌಕ. ನಮ್ಮ ಒತ್ತಕ್ಷರಗಳಿಗೋ ಕೆಳಗೂ ಜಾಗ ಬೇಕು, ಪಕ್ಕಕ್ಕೂ ಜಾಗ ಬೇಕು. ನನ್ನ ‘ವ್ಯರ್ಥ’ ಅಲ್ಲಿ ಕೈಕಾಲು ಬೇರೆಬೇರೆಯಾಗಿ ಬಿದ್ದಿತ್ತು. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು, ಫೈಲ್ ಕರಪ್ಟ್ ಆಗಿದೆಯಲ್ಲ ಎಂದರು. ಹೌದು ಎಂದೆ. ಇನ್ನೇನು ಹೇಳಲಿ? ಪ್ರೊಡಕ್ಷನ್ನಿಗೂ ಹರಡಿದ್ದರೆ ಎಂದು ಇನ್ನೊಬ್ಬರಿಗೆ ಗಾಬರಿ. ಮತ್ತೊಬ್ಬ ಉತ್ಸಾಹಿ ಆ ಪದವನ್ನು ಬೈಟುಬೈಟಾಗಿ ಬಿಡಿಸಿಟ್ಟ. ಒಟ್ಟು 18 ಬೈಟು, ಮೂರು ಮೂರರ ಆರು ಗುಂಪು, ಪ್ರತಿ ಗುಂಪಿನ ತಲೆಯ ಮೇಲೂ ‘ಇ-ಸೊನ್ನೆ’. ಪ್ಯಾಟರ್ನ್ ಇದೆ, ಇದು ತಾನಾಗಿ ಆದದ್ದಲ್ಲ ಎಂದು ಅವನು ದನಿ ತಗ್ಗಿಸಿ ಹೇಳಿದ. ಪ್ಯಾಟರ್ನ್ ಇರದೆ ಏನು? 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತು, ತಟ್ಟೆಯಡಿಯ ಕಾಗದದ ಮೇಲೆ ಗೀಚಿದ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ವ, ವಿರಾಮ, ಯ, ರ, ಮತ್ತೆ ವಿರಾಮ, ಥ. ಆರು ಮೂರಲ ಹದಿನೆಂಟು. ಅದೆಲ್ಲ ಗೊತ್ತಿದ್ದೂ ನಾನು ಗಲ್ಲಕ್ಕೆ ಕೈ ಕೊಟ್ಟು ಗಂಭೀರವಾಗಿ ಕೂತಿದ್ದೆ. ಅಷ್ಟರಲ್ಲಿ ದಾವಣಗೆರೆಯ ಹುಡುಗಿಯೊಬ್ಬಳ ಕ್ಯಾಮೆರಾ ಪಟ್ಟನೆ ಆಫ್ ಆಯಿತು. ಟಿಕೆಟ್ ಹುಟ್ಟಿತು, ಆದ್ಯತೆ ‘ಹೈ’. ಮೀಟಿಂಗ್ ಮುಗಿದ ಮೇಲೆ ಅವಳ ಮೆಸೇಜು: ‘ಸರ್, ಟಿಕೆಟ್ ನಂಗ ಅಸೈನ್ ಆಗೈತಿ. ರೂಟ್ ಕಾಸ್ ಏನಂತ ಬರೀಲಿ?’

ಈ ಕಥೆಯನ್ನು ಹಿಂದಿನ ಬೀದಿಯ ಲೇತ್ ಶಾಪಿನ ಟರ್ನರ್ ಅಣ್ಣನಿಗೆ ಟೀ ಅಂಗಡಿಯಲ್ಲಿ ಅಭಿನಯಿಸಿ ಹೇಳಿದೆ. ಅವರು ನಗಲಿಲ್ಲ. ಕಂಕುಳಲ್ಲಿದ್ದ ಉದ್ದನೆಯ ರಿಜಿಸ್ಟರು ಬಿಡಿಸಿ ತೋರಿಸಿದರು. ಆಯಿಲ್ ಹತ್ತಿದ ಹಾಳೆ, ಕಡುನೀಲಿ ಅಂಕಿಗಳು: ತಾರೀಖು, ಜಾಬು, ಪೀಸು, ರಿಜೆಕ್ಷನ್ನು, ಪಕ್ಕದಲ್ಲಿ ಸೂಪರ್‌ವೈಸರ್ ಸಹಿ. ಪೀಸಿನ ಮೇಲೇ ಕೂಲಿ.

‘ಮೊನ್ನೆ ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲವಲ್ಲ, ಅದನ್ನೆಲ್ಲಿ ಬರೆದಿರಿ?’

‘ಅದಕ್ಕೆ ಕಾಲಮ್ಮಿಲ್ಲ ಸಾರ್. ಪೀಸ್ ಆಗಿಲ್ಲ, ಮುಗೀತು.’

ಅದೇ ಮಧ್ಯಾಹ್ನ ನನ್ನ ಕಿರ್ದಿಯಲ್ಲಿ ‘ಕರೆಂಟಿಲ್ಲ, ನಿದ್ದೆ’ ಎಂದಿದೆ. ಟೈಮ್‌ಶೀಟ್‌ನಲ್ಲಿ ಎಂಟು ಗಂಟೆ. ಸಂಬಳದಲ್ಲಿ ಒಂದು ಪೈಸೆ ಕಡಿಮೆಯಾಗಿಲ್ಲ.

ಅವರು ರಿಜಿಸ್ಟರು ಮಡಿಚುತ್ತ ಕೇಳಿದರು, ‘ನಿಮ್ದು ದಿನಕ್ಕೆ ಎಷ್ಟು ಪೀಸ್ ಆಗ್ತದೆ ಸಾರ್?’

ತುಂಬ ಯೋಚಿಸಿ, ಈ ವಾರ ಒಂದು ಟಿಕೆಟ್ ಆಗಿದೆ ಅಣ್ಣ, ಅದೂ ಇನ್ನೊಬ್ಬರ ತಲೆಗೆ ಹೋಯಿತು ಎಂದೆ.

‘ಹಂಗಾದ್ರೆ ಟೀ ದುಡ್ಡು ನೀವೇ ಕೊಡಿ’ ಎಂದು ಎದ್ದರು.