ಡ್ರಿಲ್ ಭಾವ

ಆಷಾಢದ ತೇರಿಗೆ ಅರಸೀಕೆರೆ ಬಳಿಯ ಮಾಲೇಕಲ್ಲಿಗೆ ಬರುವ ನಮ್ಮ ಅಮೆರಿಕದ ಭಾವ ಅಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಾರೆಂಬುದು ನೆಂಟರಿಗೆಲ್ಲ ಗೊತ್ತು. ಕುಡಿದದ್ದನ್ನು ಕಂಡವರಿಲ್ಲ. ಅವರಿಗೆ ನಶೆ ಏರುವುದು ಬಾರ್ಲಿ ಒಡೆಯುವ ಗಿರಣಿಯಿಂದ.

ಮನೆಬಳಕೆಯ ಬಿಯರ್‌ಗೆ ಅಮೆರಿಕದ ಸರ್ಕಾರ ಒಪ್ಪಿದ್ದು 1978ರಲ್ಲಿ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಏಳುನೂರೈವತ್ತು ಲೀಟರಿನ ಮೇಲೆ. ಭಾವ ಮಾಡುವುದು ವರ್ಷಕ್ಕೊಂದು ಹಂಡೆ. ಮಿಕ್ಕ ದಿನವೆಲ್ಲ ಗಿರಣಿಯ ಸೇವೆ.

"ಬಾಮೈದ, ಎರಡು ರೋಲರಿನದು ಒಳ್ಳೇದೋ ಮೂರರದೋ?" ಎಂದು ಅವರು ಕೇಳಿದರೆ ಬಾಯಿ ತೆರೆಯಬಾರದು, ಉತ್ತರವೂ ಅವರದೇ. ಮೂರಿದ್ದರೆ ಕಾಳು ಎರಡು ಸಲ ನಲುಗುತ್ತೆ, ಗಿರಣಿ ತಿರುಗಿಸುವ ಡ್ರಿಲ್ಲಿಗೆ ಹೊರೆ ಜಾಸ್ತಿ. ಡ್ರಿಲ್ಲಿಗೆ ವೇಗ ಬೇಡ, ಬಲ ಬೇಕು: ನಿಮಿಷಕ್ಕೆ ನೂರೈವತ್ತು, ಇನ್ನೂರು ಸುತ್ತು ಸಾಕು. ಮೊದಲು ಡ್ರಿಲ್ ತಿರುಗಬೇಕು, ಆಮೇಲೆ ಕಾಳು ಬೀಳಬೇಕು. ರೋಲರಿಗೆ ನೀರು ಸೋಕಿಸಿದರೆ ತುಕ್ಕು. ಒಣ ಬ್ರಶ್ಶಲ್ಲಿ ಉಜ್ಜಬೇಕು. ಎಲ್ಲಕ್ಕಿಂತ ಮುಖ್ಯ, ರೋಲರುಗಳ ನಡುವಿನ ಸಂದು: ಸುಮಾರು ಒಂದು ಮಿಲಿಮೀಟರ್. ಕಾಳು ಒಡೆಯಬೇಕು, ಹೊಟ್ಟು ಹರಿಯಬಾರದು. ಹೊಟ್ಟೇ ಶೋಧಿಸುವ ಜರಡಿ. ಹಿಟ್ಟಾಯಿತೋ, ರಸ ಇಳಿಯದೆ ಅಂಟಾಗಿ ಕೂರುತ್ತೆ.

"ನುಚ್ಚು ಮಾಡೋದಕ್ಕೆ ಇಷ್ಟು ಪುರಾಣವೇನೋ?" ಎಂದರು ಅತ್ತೆ. ಮಗ ಮಾಡುವುದು ರಾಗಿ ಮಾಲ್ಟಿನಂಥದ್ದೇ ಏನೋ ಎಂದು ಅವರು ದೇವಸ್ಥಾನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಮೊಳಕೆ ಕಟ್ಟಿ ಒಣಗಿಸುವವರೆಗೆ ಅದು ನಿಜವೂ ಹೌದು.

ನಮ್ಮಲ್ಲಿ ಲೈಸೆನ್ಸಿಲ್ಲದೆ ಬಿಯರ್ ಮಾಡಿದರೆ 1965ರ ಅಬಕಾರಿ ಕಾಯ್ದೆ ಇದೆ. ಗಿರಣಿಗೆ ಕಾಯ್ದೆಯಿಲ್ಲವಲ್ಲ! ಈ ಸಲ ಅದನ್ನೇ ಸೂಟ್‌ಕೇಸಿನಲ್ಲಿ ಹೊತ್ತು ತಂದರು. ಸಂದು ಅಳೆಯುವ ಫೀಲರ್ ಗೇಜ್ ಮಾತ್ರ ಅಲ್ಲೇ ಮರೆತಿದ್ದರು. ಅರಸೀಕೆರೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ಸಾಕಾಗಿ, ಕೊನೆಗೆ ಬೈಕ್ ಮೆಕ್ಯಾನಿಕ್ಕಿನ ಬಳಿ ಸಿಕ್ಕಿತು. ಟ್ಯಾಪೆಟ್ ಸೆಟ್ ಮಾಡಲು ಅವನು ಇಟ್ಟುಕೊಂಡಿದ್ದ. ಗಂಟೆಗೊಂದು ಫೋನ್ ಮಾಡಿ ವಾಪಸ್ ಕೇಳುತ್ತಲೇ ಇದ್ದ.

ಎಲೆಕ್ಟ್ರಿಷಿಯನ್ನಿನ ಡ್ರಿಲ್ ಎರವಲು ಬಂತು. ಅದು ಗೋಡೆ ಕೊರೆಯುವ ಜಾತಿ, ನಿಧಾನ ಎಂಬುದೇ ಅದಕ್ಕೆ ಗೊತ್ತಿಲ್ಲ. ಬಾರ್ಲಿ ಇಲ್ಲವೆಂದು ಅತ್ತೆ ಒಂದು ಸೇರು ರಾಗಿ ಕೊಟ್ಟರು. ಭಾವ ಕನ್ನಡಕ ಏರಿಸಿಕೊಂಡು ಗುಂಡಿ ಒತ್ತಿದರು. ಗಿರಣಿ ಹಲಗೆ ಸಮೇತ ಕುಣಿಯಿತು. ರಾಗಿ ಜಗಲಿಯ ತುಂಬ ಚೆಲ್ಲಾಡಿ, ಕೋಳಿಗಳು ಕೂಗದೆಯೇ ಬಂದವು. ಬುಟ್ಟಿಗೆ ಬಿದ್ದದ್ದರಲ್ಲೂ ಅರ್ಧಕ್ಕರ್ಧ ಇಡೀ ಕಾಳು! ಸಣ್ಣ ರಾಗಿಗೆ ಒಂದು ಮಿಲಿಮೀಟರ್ ಸಂದೆಂದರೆ ರಾಜಬೀದಿ.

ಉಳಿದ ರಾಗಿ ಊರ ಫ್ಲೋರ್ ಮಿಲ್ಲಿಗೆ ಹೋಯಿತು. ಭಾವನೂ ಹಿಂದೆಯೇ ಹೋದರು. ಮಿಲ್ಲಿನವನು ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಕಲ್ಲಿನ ತಿರುಪನ್ನು ಕೊಂಚ ಬಿಗಿ ಮಾಡಿದ. "ಸಂದು ಎಷ್ಟು ಮಿಲಿಮೀಟರ್ ಇಟ್ಟಿದ್ದೀರಿ?" ಎಂದು ಭಾವ ವಿನಯದಿಂದ ಕೇಳಿದರು. ಅವನು ಬೆರಳು ತೋರಿಸಿದ.

ಗಿರಣಿ ಈಗ ನಮ್ಮ ಅಟ್ಟದ ಮೇಲಿದೆ, ಎಣ್ಣೆಬಟ್ಟೆ ಸುತ್ತಿಕೊಂಡು. ಮುಂದಿನ ಆಷಾಢಕ್ಕೆ ವೇಗ ತಗ್ಗಿಸಬಹುದಾದ ಡ್ರಿಲ್ ಬರಲಿದೆಯಂತೆ. ನಿಮ್ಮಲ್ಲಿ ಯಾರ ಬಳಿಯಾದರೂ ಫೀಲರ್ ಗೇಜ್ ಇದ್ದರೆ, ದಯವಿಟ್ಟು ಭಾವನಿಗೆ ತಿಳಿಯಗೊಡಬೇಡಿ.