ಬುಸ್ಸೆನ್ನುವ ಬಾಮೈದ

ಕಳೆದ ಆಯುಧಪೂಜೆಯ ದಿನ ನಮ್ಮ ನ್ಯೂಜೆರ್ಸಿಯ ಗರಾಜಿನಲ್ಲಿ ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಹೊಟ್ಟೆಪಾಡಿನ ಲ್ಯಾಪ್‌ಟಾಪು, ಇವುಗಳ ಸಾಲಿನಲ್ಲೇ ಬಾಮೈದನ ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಬಂದೂಕೂ ಕುಂಕುಮ ಇಟ್ಟುಕೊಂಡು ಗತ್ತಾಗಿ ಕೂತಿತ್ತು. ಬಂದೂಕು ಅಂದರೆ ಅವನಿಗೆ ಸಿಟ್ಟು. "ಮಾರ್ಕರ್ ಅನ್ನಿ ಭಾವ" ಎಂದು ತಿದ್ದುತ್ತಾನೆ. ಸರಿ, ಮಾರ್ಕರ್. ಊರಿಂದ ಬಂದಿದ್ದ ಅಮ್ಮ ಮಂಗಳಾರತಿ ತಟ್ಟೆ ಎತ್ತಿದ್ದೇ ತಡ, ಆ ಮಾರ್ಕರು "ಸ್ಸ್ಸ್" ಎಂದು ಶುರು ಹಚ್ಚಿತು. ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಮಗಳು ವಿಡಿಯೊ ತೆಗೆದಳು. ಅಮ್ಮ ಮಾತ್ರ ಆರತಿ ಮುಗಿಸಿ, ತಟ್ಟೆ ಕೆಳಗಿಟ್ಟು, ಕಣ್ಣಿಗೆ ಒತ್ತಿಕೊಂಡು ಆಮೇಲೆ ಹೇಳಿದಳು: "ಗ್ಯಾಸ್ಕೆಟ್ ಹೋಗಿದೆ ಮಾರಾಯ."

"ಅಮ್ಮಾ, ಇದು ಕುಕ್ಕರ್ ಅಲ್ಲ" ಎಂದ ಬಾಮೈದ.

"ಅಲ್ಲ ಅಂತ ನಂಗೂ ಗೊತ್ತು. ಕುಕ್ಕರಾಗಿದ್ರೆ ನೀ ಇಷ್ಟು ದುಡ್ಡು ಸುರೀತಿದ್ಯಾ?"

ಅಡುಗೆಮನೆಯಿಂದ ಒಂದು ಲೋಟದಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಬಂತು. ಊರಿನಲ್ಲಿ ಹೊಸ ಸಿಲಿಂಡರ್ ಹಾಕಿದಾಗಲೆಲ್ಲ ಮಾಡುವ ಪರೀಕ್ಷೆ. ಅಮ್ಮ ಎರಡು ಬೆರಳಲ್ಲಿ ನೊರೆ ತೆಗೆದು ಟ್ಯಾಂಕಿನ ಬಾಯಿಗೆ ಸವರಿದಳು, ಏನೂ ಆಗಲಿಲ್ಲ. ಪೈಪಿನ ಉದ್ದಕ್ಕೂ ಸವರಿದಳು, ಅಲ್ಲೂ ಇಲ್ಲ. ಹಿಡಿಕೆಯ ಬುಡದಲ್ಲಿ ಪೈಪು ಜೋಡಿಸುವ ಹಿತ್ತಾಳೆ ಎಲ್ಬೋಗೆ ಸವರಿದಾಗ ಅದರ ಕುತ್ತಿಗೆಯಿಂದ ಇಡ್ಲಿ ಹಿಟ್ಟು ಉಬ್ಬಿದ ಹಾಗೆ ಗುಳ್ಳೆ ಎದ್ದಿತು. ಬಾಮೈದನ ಮುಖ ಆ ಗುಳ್ಳೆಯ ಹಾಗೇ ಒಡೆಯಿತು. ಆ ಎಲ್ಬೋ ಬೆಂಗಳೂರಿನಿಂದ ಅವನೇ ಹುಡುಕಿ ತಂದದ್ದು.

ಅವನ ಖರ್ಚಿನ ಕ್ರಮ ಹೇಳಿಬಿಡುತ್ತೇನೆ. ನಳಿಗೆ 14 ಇಂಚಿನದು, ಒಳಗೆ ಕನ್ನಡಿಯಂತೆ ಪಾಲಿಶ್ ಮಾಡಿದ್ದು. ಮುಖವಾಡದ ಗಾಜು ನವಿಲುಗರಿಯ ಬಣ್ಣ. ಬೆನ್ನ ಮೇಲೆ ಹೆಸರು ಬರೆಸಿದ ಜೆರ್ಸಿ. ಗಾಳಿ ಹರಿಯುವ ಪೈಪು ಮಾತ್ರ ಸೆಕೆಂಡ್‌ಹ್ಯಾಂಡ್ ಮಾರ್ಕರಿನ ಜೊತೆ ಪುಕ್ಕಟೆ ಬಂದದ್ದು. ರೇಷ್ಮೆ ಸೀರೆ ಉಟ್ಟು ಕಾಲಿಗೆ ಉಂಗುಷ್ಠ ಕಿತ್ತ ಹವಾಯಿ ಚಪ್ಪಲಿ ಹಾಕಿಕೊಂಡ ಹಾಗೆ. "ಪೈಪಲ್ಲಿ ಏನಿದೆ ಭಾವ, ಗಾಳಿ ಈ ಕಡೆಯಿಂದ ಆ ಕಡೆ ಹೋದ್ರೆ ಸಾಕಲ್ಲ" ಎನ್ನುವುದು ಅವನ ಸಿದ್ಧಾಂತ.

ಗಾಳಿಯೇನೋ ಹೋಗುತ್ತದೆ. ಎಷ್ಟು ಒತ್ತಡದಲ್ಲಿ ಹೋಗುತ್ತದೆ ಎಂಬುದು ಪ್ರಶ್ನೆ. ಅಮ್ಮನ ಕುಕ್ಕರು ಸೀಟಿ ಹೊಡೆಯುವುದು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡಕ್ಕೆ. ಬಾಮೈದನ ಟ್ಯಾಂಕಿನಲ್ಲಿರುವುದು ದ್ರವರೂಪದ ಕಾರ್ಬನ್ ಡೈಆಕ್ಸೈಡು. ಹಿತವಾದ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 850 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 60 ಕೆಜಿ. ಅರವತ್ತು ಕುಕ್ಕರು ಒಂದರ ಮೇಲೊಂದು ಕೂತ ಲೆಕ್ಕ, ಒಂದಕ್ಕೂ ವೆಯ್ಟ್ ಇಲ್ಲ. ಶಿಸ್ತಿನವರು ಬಳಸುವ ಒತ್ತಿದ ಗಾಳಿಯ ಟ್ಯಾಂಕಿನೊಳಗೆ 3000 ಅಥವಾ 4500 ಪಿಎಸ್‌ಐ ಇರುತ್ತದೆ. ಆದರೆ ಅದರ ತಲೆಯ ಮೇಲಿನ ರೆಗ್ಯುಲೇಟರು ಅದನ್ನು ಹೆಚ್ಚೆಂದರೆ 800-850ಕ್ಕೆ ಇಳಿಸಿ ಹೊರಗೆ ಕಳಿಸುತ್ತದೆ. ಹಾಗಾಗಿ ಟ್ಯಾಂಕು ಯಾವುದೇ ಆಗಲಿ, ಆ ಗೇಣುದ್ದದ ಪೈಪು ಹೊರಬೇಕಾದ ಹೊರೆ ಹೆಚ್ಚುಕಡಿಮೆ ಇದೇ.

ಹೊರೆ ಹೊರುವ ಪೈಪು ಅಂದರೆ ನನಗೆ ನೆನಪಾಗುವುದು ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು: ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ. ಕೊನೆಗಾರ ಐವತ್ತಡಿ ಮೇಲೆ ತೂಗಾಡುತ್ತಿರುತ್ತಾನೆ, ಕೆಳಗೆ ಪಂಪು. ನಡುವಿನ ಪೈಪಿನ ಜಾಯಿಂಟು ಎಲ್ಲಿ ಕಿತ್ತುಕೊಳ್ಳುತ್ತದೋ ಅಲ್ಲೇ ಅಪ್ಪಯ್ಯ ನಿಂತಿರುತ್ತಿದ್ದರು. ಪೈಪು ಅಪ್ಪಯ್ಯನನ್ನು ಹುಡುಕಿಕೊಂಡೇ ಬರುತ್ತಿತ್ತೋ ಏನೋ. ತಲೆಯಿಂದ ಪಂಚೆಯ ತುದಿಯವರೆಗೆ ನೀಲಿಯಾಗಿ ಥೇಟ್ ಕೃಷ್ಣನ ವೇಷದಲ್ಲಿ ಮನೆಗೆ ಬಂದು, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಜಾಯಿಂಟಿಗೆ ಬಿಗಿಯುತ್ತಿದ್ದರು. ಆ ಒತ್ತಡಕ್ಕೆ ಆ ಪಟ್ಟಿ ಒಂದು ದಿನ ತಾಳುತ್ತಿತ್ತು. ನಮ್ಮ ಮನೆಯಲ್ಲಿ ಬಣ್ಣದ ಗುಂಡಿಲ್ಲದೆಯೇ ಪೇಂಟ್‌ಬಾಲ್ ಆಡುತ್ತಿದ್ದೆವು ಅನ್ನಿ.

ಈಗ ಆ ಎಲ್ಬೋ ವಿಚಾರ. ಅಣ್ಣನ ಮಗನ ಮುಂಜಿಗೆ ಬೆಂಗಳೂರಿಗೆ ಹೋದವನು ಎಸ್‌.ಜೆ.ಪಿ. ರಸ್ತೆಯ ಸಂದಿಯೊಂದರಲ್ಲಿ ಎರಡು ಎಲ್ಬೋ, ಎರಡು ಮೀಟರ್ ನೀಲಿ ಟ್ಯೂಬು ಕೊಂಡು ತಂದಿದ್ದ. "ಇಲ್ಲಿ ಹದಿನೈದು ಡಾಲರ್ ಕೇಳ್ತಾರೆ ಭಾವ, ಅಲ್ಲಿ ಚಿಲ್ಲರೆ ಕಾಸು" ಎಂದು ಹೇಳುವಾಗ ಕೊಹಿನೂರು ವಜ್ರವನ್ನೇ ವಾಪಸು ತಂದವನ ಕಳೆ. ಮಾಲು ಒಳ್ಳೆಯದೇ, ಅಂಗಡಿಯವರದ್ದೇನೂ ತಪ್ಪಿಲ್ಲ. ಆದರೆ ಅದು ಕಾರ್ಖಾನೆಯ ನ್ಯೂಮ್ಯಾಟಿಕ್ ಯಂತ್ರಕ್ಕೆ ಮಾಡಿದ್ದು. ಅಂಥ ಫಿಟ್ಟಿಂಗುಗಳು ಸಾಮಾನ್ಯವಾಗಿ 10 ಬಾರ್‌ಗೆ, ಅಂದರೆ ಸುಮಾರು 150 ಪಿಎಸ್‌ಐಗೆ ಲೆಕ್ಕ ಹಾಕಿದವು. ಇವನು ಅದರ ಮೇಲೆ ಹೆಚ್ಚುಕಡಿಮೆ ಆರು ಪಟ್ಟು ಕೂರಿಸಿದ್ದ. ಒಬ್ಬರು ಕೂರುವ ಸ್ಕೂಟರಿನಲ್ಲಿ ಮದುವೆ ದಿಬ್ಬಣ ಹೊರಡಿಸಿದ ಹಾಗೆ.

ಅದಕ್ಕಿಂತ ಸೊಗಸಾದದ್ದು ಥ್ರೆಡ್ಡಿನ ಕಥೆ. ಪೇಂಟ್‌ಬಾಲ್ ಸಾಮಾನಿನ ಥ್ರೆಡ್ಡು ಅಮೆರಿಕದ ಎನ್‌ಪಿಟಿ, 1/8 ಇಂಚಿನದು, ಇಂಚಿಗೆ 27 ಸುತ್ತು. ನಮ್ಮೂರಿನ ನಲ್ಲಿಯಿಂದ ಹಿಡಿದು ಕಾರ್ಖಾನೆಯವರೆಗೆ ಚಾಲ್ತಿಯಲ್ಲಿರುವುದು ಬ್ರಿಟಿಷರು ಬಿಟ್ಟುಹೋದ ಬಿಎಸ್‌ಪಿ. ಅದೇ 1/8 ಇಂಚು, ಇಂಚಿಗೆ 28 ಸುತ್ತು. ಹಲ್ಲಿನ ಕೋನವೂ ಬೇರೆ, ಒಂದರದು 60 ಡಿಗ್ರಿ, ಇನ್ನೊಂದರದು 55. ಒಂದೇ ಸುತ್ತಿನ ವ್ಯತ್ಯಾಸ! ಕಣ್ಣಿಗೆ ಅವಳಿ ಮಕ್ಕಳು. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಅಳಿಯನ ಹಾಗೆ ನಯವಾಗಿ ಒಳಗೆ ಹೋಗುತ್ತದೆ, ಆಮೇಲೆ ಅಳಿಯನ ಹಾಗೇ ಬಿಗಿದುಕೊಳ್ಳುತ್ತದೆ. (ಅಳಿಯ ಅಂದದ್ದು ನನ್ನನ್ನೇ, ಬಾಮೈದ ಇದನ್ನು ಓದಿದರೆ ಖುಷಿಪಡಲಿ.) ಬುದ್ಧಿವಂತ ಅಲ್ಲಿಗೆ ನಿಲ್ಲಿಸುತ್ತಾನೆ. ಇವನು ಸ್ಪ್ಯಾನರ್ ತೆಗೆದುಕೊಂಡ. "ಸ್ವಲ್ಪ ಅಡ್ಜಸ್ಟ್ ಆಗುತ್ತೆ ಭಾವ" ಎಂದ. ಬೆಂಗಳೂರಿನ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಅಡ್ಜಸ್ಟ್ ಆದಾರು. ಥ್ರೆಡ್ಡಿಗೆ ಕನ್ನಡ ಬರುವುದಿಲ್ಲ. ಮಾರ್ಕರಿನ ಮೈ ಮೆತ್ತನೆಯ ಅಲ್ಯುಮಿನಿಯಂ. ಗಟ್ಟಿ ಫಿಟ್ಟಿಂಗು ಅದರ ಹಲ್ಲನ್ನು ತಿಂದು ಹಾಕಿತು.

ನೀಲಿ ಟ್ಯೂಬಿನ ಗತಿಯೂ ಅದೇ. ಇಲ್ಲಿನ ನೈಲಾನ್ ಲೈನಿನ ಹೊರಸುತ್ತು ಕಾಲು ಇಂಚು, 6.35 ಮಿಲಿಮೀಟರು. ಅವನು ತಂದದ್ದು 6 ಮಿಲಿಮೀಟರಿನದು. ಫಿಟ್ಟಿಂಗಿನ ಬಾಯಿಗೆ ಹಾಕಿ ಎಳೆದರೆ ಹಲ್ಲುಸೆಟ್ಟಿನ ಹಾಗೆ ಕೈಗೇ ಬಂತು. ಅದಕ್ಕೂ ಮೇಲೆ ಎರಡು ಸುತ್ತು ಟೇಪು ಸುತ್ತುವ ಆಲೋಚನೆಯಲ್ಲಿದ್ದ, ನಾನು ಆ ಟ್ಯೂಬನ್ನೇ ಕಸಿದುಕೊಂಡು ಟೊಮೆಟೊ ಬಳ್ಳಿ ಕಟ್ಟಿದೆ.

ಬಿಳಿ ಟೆಫ್ಲಾನ್ ಟೇಪು ನಮ್ಮವರ ಸರ್ವರೋಗ ನಿವಾರಿಣಿ. ಮೊದಲ ಒಂದೆರಡು ಹಲ್ಲು ಬರಿದಾಗಿ ಬಿಟ್ಟು, ಥ್ರೆಡ್ಡು ತಿರುಗುವ ದಿಕ್ಕಿಗೇ ಎರಡು ಸುತ್ತು ಸುತ್ತಿದರೆ ಸಾಕು. ಬಾಮೈದ ಗಾಯಕ್ಕೆ ಬ್ಯಾಂಡೇಜು ಹಾಕಿದಂತೆ ಹತ್ತು ಸುತ್ತು ಹಾಕಿದ್ದ. ಆ ಟೇಪಿನ ಚೂರು ಕಿತ್ತು ಗಾಳಿಯ ಜೊತೆ ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಆಟ ಮುಗಿಯಿತು. ಜಾರಲಿ ಎಂದು ಓ-ರಿಂಗು ಎಂಬ ರಬ್ಬರ್ ಉಂಗುರಗಳಿಗೆ ಕೊಬ್ಬರಿ ಎಣ್ಣೆ ಬೇರೆ ಸವರಿದ್ದ. ನ್ಯೂಜೆರ್ಸಿಯ ಅಕ್ಟೋಬರಿನಲ್ಲಿ ಕೊಬ್ಬರಿ ಎಣ್ಣೆ ಎಣ್ಣೆಯಾಗಿ ಉಳಿಯುತ್ತದೆಯೇ? ಒಳಗೆಲ್ಲ ಬಿಳಿ ಬೆಣ್ಣೆ. ಪೇಂಟ್‌ಬಾಲಿಗೆಂದೇ ಸಿಗುವ ಗ್ರೀಸು ಅವರೆಕಾಳಿನಷ್ಟು ಸಾಕು, ಅದು ರಬ್ಬರನ್ನು ತಿನ್ನುವುದೂ ಇಲ್ಲ.

ಹಾಗಾದರೆ ಯಾವ ಪೈಪು ಕೊಳ್ಳಬೇಕು? ಕೊಳ್ಳುವವನ ಜಾತಕ ನೋಡಿ ಹೇಳಬೇಕಾದ ಮಾತು ಇದು. ನೈಲಾನ್ ಲೈನನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಫಿಟ್ಟಿಂಗಿಗೆ ಚುಚ್ಚಿದರೆ ಆಯಿತು, ಕಾಲರ್ ಒತ್ತಿ ಎಳೆದರೆ ಬಿಚ್ಚಿತು, ಸ್ಪ್ಯಾನರ್ ಬೇಡ. ಆದರೆ ಕತ್ತರಿಸುವುದಕ್ಕೆ ಚೂಪಾದ ಬ್ಲೇಡು ಬೇಕು, ತುದಿ ನೇರವಾಗಿರಬೇಕು. ಅಡುಗೆಮನೆ ಕತ್ತರಿಯಲ್ಲಿ ಕಚಕ್ ಎಂದರೆ ಬಾಯಿ ಚಪ್ಪಟೆಯಾಗಿ ಓ-ರಿಂಗು ಹಿಡಿಯುವುದಿಲ್ಲ. ಹತ್ತಾರು ಸಲ ತೆಗೆದು ಹಾಕಿ ತುದಿಯಲ್ಲಿ ಹಲ್ಲಿನ ಗೀರು ಬಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತುದಿ ಮಾಡಬೇಕು. ಆದ್ದರಿಂದ ಮೊದಲೇ ಒಂದಿಷ್ಟು ಉದ್ದ ಬಿಟ್ಟುಕೊಳ್ಳಬೇಕು, ಬೆಳೆಯುವ ಮಗುವಿನ ಲಂಗಕ್ಕೆ ಮಡಿಕೆ ಇಟ್ಟ ಹಾಗೆ. ಬಲವಂತವಾಗಿ ಮಡಿಸಿದಲ್ಲಿ ಬಿಳಿಚಿಕೊಂಡ ಗೆರೆ ಕಂಡರೆ ಮುಲಾಜಿಲ್ಲದೆ ಎಸೆಯಿರಿ. ಇನ್ನೊಂದು: ಕಾರ್ಬನ್ ಡೈಆಕ್ಸೈಡಿಗೆ ನೈಲಾನ್ ಬೇಡ. ಮೂತಿ ಕೆಳಗೆ ಮಾಡಿ ಓಡುವಾಗ ಟ್ಯಾಂಕಿನ ದ್ರವ ಪೈಪಿಗೆ ನುಗ್ಗುತ್ತದೆ. ಅದು ಹೊರಗಾಳಿಗೆ ಬಂದರೆ ಮೈನಸ್ 78 ಡಿಗ್ರಿಯ ಹಿಮವಾಗುವ ಪದಾರ್ಥ. ಆ ಚಳಿಗೆ ನೈಲಾನ್ ಪೆಡಸಾಗಿ ಹಪ್ಪಳದಂತೆ ಒಡೆಯಬಲ್ಲದು.

ಇನ್ನೊಂದು ಬಗೆಯ ಪೈಪು ಉಕ್ಕಿನ ಹೆಣಿಗೆಯ ಹೋಸು. ಒಳಗೆ ಟೆಫ್ಲಾನ್ ಕೊಳವೆ, ಮೇಲೆ ಸ್ಟೇನ್‌ಲೆಸ್ ತಂತಿಯ ಜಡೆ. ನೋಡಲಿಕ್ಕೆ ಸೊಗಸಿಲ್ಲ, ಉದ್ದ ಬದಲಿಸಲಾಗದು, ಅಳತೆ ತಪ್ಪಿದರೆ ಕಿವಿಯ ಹಾಗೆ ಹೊರಗೆ ನೇತಾಡುತ್ತದೆ. ತಿರುಗುವ ತುದಿ ಇಲ್ಲದ್ದನ್ನು ಕೊಂಡರೆ ಹಾಕುವಾಗ ಮಾರ್ಕರನ್ನೇ ಗರಗರ ತಿರುಗಿಸಬೇಕು. ಆದರೆ ಬೀಳಲಿ, ಏಳಲಿ, ಕಾರಿನ ಡಿಕ್ಕಿಯಲ್ಲಿ ಆರು ತಿಂಗಳು ಮರೆತುಬಿಡಿ, ಅದು ಹಳ್ಳಿಯ ದೊಡ್ಡಪ್ಪನಂತೆ ಕೂತಿರುತ್ತದೆ. ಟಿಪ್‌ಮನ್ 98ರಂಥ ಗಟ್ಟಿಪಿಂಡ ಮಾರ್ಕರುಗಳಿಗೆ ಕಂಪನಿಯವರೇ ಇದನ್ನು ಹಾಕಿ ಕಳಿಸಿದ್ದು ಸುಮ್ಮನೆ ಅಲ್ಲ. ವರ್ಷಕ್ಕೊಮ್ಮೆ ತುದಿಯ ಬಳಿ ಬೆರಳಾಡಿಸಿ, ತಂತಿ ಎಳೆ ಬಿಚ್ಚಿಕೊಂಡು ಚುಚ್ಚಿದರೆ ಅದಕ್ಕೆ ವಯಸ್ಸಾಯಿತು. ಸೋಪಿನ ನೀರು ಹಾಕಿದಾಗ ಹೆಣಿಗೆಯ ಮೈಯಿಂದಲೇ ನೊರೆ ಬಂದರೂ ಅಷ್ಟೇ, ಒಳಗಿನ ಕೊಳವೆ ಹೋಗಿದೆ. ನನ್ನ ಬಾಮೈದನ ಜಾತಕಕ್ಕೆ ಇದೊಂದೇ ಕೂಡಿಬರುವುದು. ಅವನು ಕೇಳುವುದಿಲ್ಲ, ಏಕೆಂದರೆ ನೈಲಾನ್ ಕೆಂಪು ಬಣ್ಣದಲ್ಲಿ ಸಿಗುತ್ತದೆ.

ಟ್ಯಾಂಕಿನ ಬಾಯಿಯ ಓ-ರಿಂಗಿನ ಬಗ್ಗೆಯೂ ಒಂದು ಮಾತು. ಸಾಮಾನ್ಯ ಕಪ್ಪು ನೈಟ್ರೈಲ್ ರಬ್ಬರು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ನೆನೆಸಿದ ಹೆಸರುಕಾಳಿನ ಹಾಗೆ ಊದಿ ಕಿತ್ತುಬರುತ್ತದೆ. ಗಟ್ಟಿ ಯುರೆಥೇನಿನದು ಬಹಳ ದಿನ ಬಾಳುತ್ತದೆ. 015 ಅಳತೆ ಎಂದು ಕೇಳಿ ಹತ್ತು ಕೊಂಡು ಡಬ್ಬಿಯಲ್ಲಿಡಿ.

1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್ ಎಂಬ ಊರಿನ ಕಾಡಿನಲ್ಲಿ ಹನ್ನೆರಡು ಜನ ಪೇಂಟ್‌ಬಾಲಿನ ಮೊದಲ ಆಟ ಆಡಿದಾಗ ಈ ತಾಪತ್ರಯ ಯಾವುದೂ ಇರಲಿಲ್ಲ. ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ 007, ಮರಗಳಿಗೆ, ದನಗಳಿಗೆ ಗುರುತು ಹಾಕಲು ಮಾಡಿದ ಪಿಸ್ತೂಲು. 12 ಗ್ರಾಮಿನ ಪುಟ್ಟ ಅನಿಲದ ಬುಡ್ಡಿ ಅದರೊಳಗೇ ಕೂರುತ್ತಿತ್ತು. ಪೈಪೇ ಇಲ್ಲ, ಸೋರುವುದೆಲ್ಲಿಂದ? ಗೆದ್ದವನು ಕಾಡಿನ ಕಸುಬಿನವನು, ಒಂದೂ ಗುಂಡು ಹಾರಿಸದೆ ಬಾವುಟಗಳನ್ನೆಲ್ಲ ಎತ್ತಿಕೊಂಡು ಬಂದನಂತೆ. ಬಾಮೈದನೂ ಗುಂಡು ಹಾರಿಸದೆಯೇ ಆಟ ಮುಗಿಸುತ್ತಾನೆ, ಬಾವುಟ ಮಾತ್ರ ಬೇರೆಯವರ ಕೈಯಲ್ಲಿರುತ್ತದೆ.

ಆ ದಿನ ಪೂಜೆಯ ಮುಂದೆಯೇ ರಿಪೇರಿ ಶುರುವಾಯಿತು. ಅವನು ಒತ್ತಡ ಇರುವಾಗಲೇ ಎಲ್ಬೋಗೆ ಸ್ಪ್ಯಾನರ್ ಹಾಕಹೊರಟ. ಈ ಹೊತ್ತಿನಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಕಣ್ಣಿಗೆ ಕನ್ನಡಕ, ಟ್ಯಾಂಕು ತಿರುಗಿಸಿ ಬಿಚ್ಚಿ, ಪೈಪಿನಲ್ಲಿ ಉಳಿದದ್ದನ್ನು ಗುಂಡಿಲ್ಲದ ಮಾರ್ಕರಿನಿಂದ ಖಾಲಿ ಹೊಡೆದು ತೆಗೆದ ಮೇಲೆಯೇ ಸ್ಪ್ಯಾನರು. ಟ್ಯಾಂಕು ಬಿಚ್ಚುವಾಗ ಇನ್ನೊಂದು ಅಪಾಯ: ವಾಲ್ವ್ ಮಾರ್ಕರಿನಲ್ಲೇ ಉಳಿದು ಬರೀ ಸೀಸೆ ತಿರುಗತೊಡಗಿದರೆ ಅದು ರಾಕೆಟ್ಟು. ಅಮೆರಿಕದಲ್ಲಿ ಹೀಗಾಗಿ ಜೀವವೇ ಹೋಗಿದೆ. ಹೆಂಡತಿಯ ಕೆಂಪು ಉಗುರುಬಣ್ಣ ತರಿಸಿ, ವಾಲ್ವಿನಿಂದ ಸೀಸೆಯವರೆಗೆ ಅಡ್ಡವಾಗಿ ಒಂದು ಗೆರೆ ಎಳೆದೆ. ಬಿಚ್ಚುವಾಗ ಗೆರೆ ಎರಡು ತುಂಡಾದರೆ ಅಲ್ಲೇ ಕೈಬಿಡಬೇಕು. "ಅದು ಹದಿನೆಂಟು ಡಾಲರಿನ ಬಾಟಲಿ ರೀ" ಎಂದಳು ಅವಳು. ಮನೆಯಲ್ಲಿ ಫಿಟ್ಟಿಂಗಿಗಿಂತ ದುಬಾರಿಯದು ಅದೇ ಎಂದು ಆಗ ತಿಳಿಯಿತು.

ಅಮ್ಮ ಇಷ್ಟೂ ಹೊತ್ತು ನನ್ನ ಹಳೆಯ ಉಕ್ಕಿನ ಹೋಸನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದು ನಮ್ಮ ಔಷಧಿ ಪಂಪಿಗೆ ಕೂರ್ತದಾ?"

"ಕೂರುತ್ತೋ ಏನೋ. ಎಷ್ಟುದ್ದ ಬೇಕು?"

"ಇನ್ನೂರು ಅಡಿ."

ಇದನ್ನು ಮಾರುವುದು ಇಂಚಿನ ಲೆಕ್ಕದಲ್ಲಿ, ಒಂಬತ್ತಿಂಚಿಗೇ ಇಪ್ಪತ್ತು ಡಾಲರು ಎಂದೆ. ಅಮ್ಮ ಬಾಯಲ್ಲೇ ಏನೋ ಗುಣಿಸಿದಳು, ಹೋಸನ್ನು ಬಾಮೈದನ ಕೈಗಿಟ್ಟಳು, ಗರಾಜಿನ ಮೂಲೆಯಲ್ಲಿ ನೇತುಹಾಕಿದ್ದ ಮಗಳ ಹಳೆಯ ಸೈಕಲ್ ಟ್ಯೂಬನ್ನು ತೆಗೆದು ಮಡಿಸಿ ತನ್ನ ಸೂಟ್‌ಕೇಸಿನ ಕಡೆ ನಡೆದಳು.