ಲಕ್ಷ್ಮೀಪುರಂ ತಾರಸಿಗಳಲ್ಲಿ ಸಾಮಗ್ರೀ ಸಮತೋಲನ: ಒಂದು ವಿಮರ್ಶಾತ್ಮಕ ಅಧ್ಯಯನ

ಅ. ಪ್ರತಿಜ್ಞೆ

ಕಾಡಿನಲ್ಲಿ ಬರಿಗೈಲಿ ಬಿಟ್ಟು ‘ಬದುಕಿಕೋ’ ಎನ್ನುವ ಕಂಪ್ಯೂಟರ್ ಆಟಗಳಲ್ಲಿ ಯಾವ ಸಲಕರಣೆಗೆ ಎಷ್ಟು ಸಾಮಗ್ರಿ ಎಂದು ಗೊತ್ತುಮಾಡುವುದೇ ಮಹಾಸಮಸ್ಯೆ. ಅಗ್ಗವಾದರೆ ಆಟಗಾರ ಎರಡೇ ದಿನಕ್ಕೆ ಚಕ್ರವರ್ತಿ. ದುಬಾರಿಯಾದರೆ ಮೂರನೆಯ ದಿನ ಸನ್ಯಾಸಿ. ಈ ಸಮಸ್ಯೆ ಮೈಸೂರಿನ ಲಕ್ಷ್ಮೀಪುರಂ ತಾರಸಿಗಳ ಮೇಲೆ ಎಂದೋ ಬಗೆಹರಿದಿದೆ ಎಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಆ. ಪೂರ್ವಪಕ್ಷ

2011ರ ನವೆಂಬರಿನಲ್ಲಿ ಪೂರ್ಣಾವತಾರ ತಾಳಿದ ‘ಮೈನ್‌ಕ್ರಾಫ್ಟ್’ ಈ ಶಾಸ್ತ್ರದ ಪ್ರಮಾಣಗ್ರಂಥ. ಅದರಲ್ಲಿ ಪಿಕಾಸಿಯ ತಲೆಗೆ ಮೂರು ತುಂಡು, ಹಿಡಿಗೆ ಎರಡು ಕಡ್ಡಿ. ಮರದ್ದಾಗಲಿ, ವಜ್ರದ್ದಾಗಲಿ, ಲೆಕ್ಕ ಅದೇ. ಬಾಳಿಕೆ ಮಾತ್ರ ಬೇರೆ: ಮರದ್ದು 59 ಏಟು, ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561. ಚಿನ್ನದ್ದು ಬರೀ 32! ಚಿನ್ನ ಸಿಕ್ಕಿದರೆ ಬಳೆ ಮಾಡಿಸದೆ ಪಿಕಾಸಿ ಮಾಡಿಸುವವನಿಗೆ ಇದು ತಕ್ಕ ಶಾಸ್ತಿ ಎಂಬಲ್ಲಿ ಲಕ್ಷ್ಮೀಪುರಂ ಪಂಥಕ್ಕೂ ತಕರಾರಿಲ್ಲ.

ಇ. ಕ್ಷೇತ್ರಕಾರ್ಯ

ಅಧ್ಯಯನಕ್ಕೆ ಆರಿಸಿಕೊಂಡ ವಸ್ತು ಅರಳು ಸಂಡಿಗೆ. ಸಾಮಗ್ರಿ: ಬೂದುಗುಂಬಳಕಾಯಿ, ಭತ್ತದ ಅರಳು, ಹಸಿಮೆಣಸಿನಕಾಯಿ, ಉಪ್ಪು, ಇಂಗು. ಕಾಯಿಯ ನೀರು ಹೆಚ್ಚಾದರೆ ಸಂಡಿಗೆ ಒಣಗದು. ಅರಳು ಹೆಚ್ಚಾದರೆ ಉಂಡೆ ನಿಲ್ಲದು. ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಬಿಸಿಲೇರುವ ಮುಂಚೆ ಇಟ್ಟು ಮುಗಿಸಬೇಕು. ಸಂಶೋಧಕನಿಗೆ ಛತ್ರಿ, ಕೋಲು ಸಹಿತ ಕಾಗೆ ಓಡಿಸುವ ಹುದ್ದೆ ದೊರೆಯಿತು. ಅಲ್ಲಿ ದಾಖಲಾದ ಸಂವಾದ:

“ಅಜ್ಜಿ, ಐದೇ ಐಟಮ್ಮಾ? ತುಂಬಾ ಚೀಪು.”

“ಐದೇನೋ? ಬಿಸಿಲು ನಿಮ್ಮಪ್ಪ ತಂದ್ಕೊಡ್ತಾನಾ?”

ಈ. ಸಿದ್ಧಾಂತ

ಸೂತ್ರ 1: ಪಟ್ಟಿಯಲ್ಲಿಲ್ಲದ್ದೇ ಬೆಲೆ. ಪಿಕಾಸಿಯ ಕ್ರಯ ಮೂರು ವಜ್ರವಲ್ಲ, ವಜ್ರಕ್ಕಾಗಿ ಪಾತಾಳಕ್ಕಿಳಿದ ರಾತ್ರಿ. ಸಂಡಿಗೆಯ ಕ್ರಯ ಕುಂಬಳಕಾಯಿಯಲ್ಲ, ಅದಕ್ಕೆ ಕಾಣಿಸಿದ ನಾಲ್ಕು ಬಿಸಿಲು.

ಸೂತ್ರ 2: ಸರಕಿನಷ್ಟೇ ಶತ್ರುವೂ ಅಗತ್ಯ. ಆಟದಲ್ಲಿ ಸದ್ದಿಲ್ಲದೆ ಬಂದು ಸಿಡಿಯುವ ಕ್ರೀಪರ್. ಇಲ್ಲಿ ಕಾಗೆ, ಅಳಿಲು, ಹಸಿ ಸಂಡಿಗೆಯನ್ನೇ ಮುಕ್ಕುವ ಮೊಮ್ಮಕ್ಕಳು. ಏಪ್ರಿಲ್ ಮಧ್ಯದಲ್ಲಿ ಹುಟ್ಟುವ ಅಶ್ವಿನಿ ಮಳೆಯಂತೂ ನಾಲ್ಕನೆಯ ಬಿಸಿಲಿನ ಸಾಯಂಕಾಲವೇ ಬರುತ್ತದೆ.

ಸೂತ್ರ 3: ಖಾಲಿಯಾಗದ ಡಬ್ಬ ಆಟ ಕೆಡಿಸುತ್ತದೆ. ಮೈನ್‌ಕ್ರಾಫ್ಟಿನ ಒಂದು ಪೆಟ್ಟಿಗೆಗೆ 27 ಖಾನೆ, ಖಾನೆಗೆ 64ರಂತೆ 1728 ಬ್ರೆಡ್ಡು ಹಿಡಿಯುತ್ತದೆ. ಯುಗ ಕಳೆದರೂ ಬೂಸ್ಟು ಹಿಡಿಯುವುದಿಲ್ಲ. 2013ರ ‘ಡೋಂಟ್ ಸ್ಟಾರ್ವ್’ ಆಹಾರ ಕೊಳೆಯುವ ನಿಯಮ ತಂದು ಅರ್ಧ ದಾರಿ ಸವೆಸಿತು. ಉಳಿದರ್ಧ ಲಕ್ಷ್ಮೀಪುರಂನದು: ಮಗಳ ಮನೆಗೊಂದು ಡಬ್ಬ, ಓರಗಿತ್ತಿಗೊಂದು, ಅಮೆರಿಕಕ್ಕೆ ಹೊರಟವರ ಸೂಟ್‌ಕೇಸಿಗೆ ಎರಡು. ದಾಸ್ತಾನು ಯುಗಾದಿಯಿಂದ ಯುಗಾದಿಗೆ ತಾನಾಗಿ ಸೊನ್ನೆಗಿಳಿಯುತ್ತದೆ.

ಉ. ಆಕ್ಷೇಪ, ಪರಿಹಾರ

‘ನಂಜುಮಳಿಗೆಯಲ್ಲಿ ಪ್ಯಾಕೆಟ್ ಸಿಗುತ್ತದಲ್ಲ?’ ಎಂದು ಕೆಲವರು ಆಕ್ಷೇಪಿಸಬಹುದು. ಇದು ದುಡ್ಡು ಸುರಿದು ಗೆಲ್ಲುವ ಹೀನಪದ್ಧತಿ. ನಿಷೇಧವೇನಿಲ್ಲ; ಆದರೆ ಪಂಕ್ತಿಯಲ್ಲಿ ಒಂದು ಚೂರು ಕಡಿದ ಯಾವುದೋ ಅತ್ತೆ “ಅಂಗಡೀದಾ?” ಎಂದು ನಗುನಗುತ್ತಾ ಕೇಳಿದೊಡನೆ ಗೆದ್ದ ಅಂಕವೆಲ್ಲ ವಜಾ.

ಊ. ಶಿಫಾರಸು

ಆಟ ಕಟ್ಟುವವರು ಇನ್ನು ಮೂರನ್ನು ನಾಲ್ಕು ಮಾಡಲೋ ಎರಡು ಮಾಡಲೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಪಿಕಾಸಿಯನ್ನು ನಾಲ್ಕು ಬಿಸಿಲು ಒಣಗಿಸಬೇಕು, ಕಾಗೆ ಕಾಯಬೇಕು, ಆದಮೇಲೆ ಪಕ್ಕದ ಮನೆಗೊಂದು ಕೊಟ್ಟುಬರಬೇಕು ಎಂದು ನಿಯಮ ಮಾಡಲಿ. ಆಟಗಾರರು ಗೊಣಗಿ ಬಿಟ್ಟುಹೋಗುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಲಕ್ಷ್ಮೀಪುರಂನಲ್ಲಿ ಪ್ರತಿ ವರ್ಷವೂ ಸೊಂಟ ಹಿಡಿದುಕೊಂಡು “ಇದೇ ಕೊನೆ, ಮುಂದಿನ್ವರ್ಷ ಸಂಡಿಗೆ ಗಿಂಡಿಗೆ ಏನೂ ಇಲ್ಲ” ಎಂದು ಘೋಷಿಸಿದವರೇ ಶಿವರಾತ್ರಿ ಕಳೆದದ್ದೇ ತಡ, ಬಲಿತ ಬೂದುಗುಂಬಳಕ್ಕೆ ಚೌಕಾಸಿ ಶುರುಮಾಡಿರುತ್ತಾರೆ.